ಸೆವಿಲ್‌ನಿಂದ ಬಾರದ ಫೋನು

ಮಕ್ಕಳ ಡಾಕ್ಟರಾಗಿದ್ದ ಇಂದು ಎಂಬಾಕೆ ಸಮ್ಮೇಳನಕ್ಕೆಂದು ಸ್ಪೇನಿನ ಸೆವಿಲ್ ನಗರಕ್ಕೆ ಹೋಗಿದ್ದಳು. ಮದುವೆಯಾದ ಮೇಲೆ ಒಬ್ಬಳೇ ಅಷ್ಟು ದೂರ ಹೋದದ್ದು ಅದೇ ಮೊದಲು. ಅವಳ ಸೆಲ್‌ಫೋನು ಅಲ್ಲಿ ನಡೆಯುತ್ತಿರಲಿಲ್ಲವಾದ್ದರಿಂದ, ರಾತ್ರಿ ರೂಮಿಗೆ ಬಂದ ಕೂಡಲೇ ಮನೆಗೆ ಫೋನು ಮಾಡಬೇಕೆಂದು ಮಾತಾಗಿತ್ತು. ಅವಳಿಗೆ ರಾತ್ರಿ ಹತ್ತು ಗಂಟೆಯೆಂದರೆ ಅಮೆರಿಕದ ಎವರ್‌ಗ್ರೀನ್ ಬಡಾವಣೆಯ ಮನೆಯಲ್ಲಿ ಮಧ್ಯಾಹ್ನ ಒಂದು. ಶನಿವಾರ ಮಧ್ಯಾಹ್ನ ಒಂದು ಗಂಟೆ ದಾಟಿದರೂ ಫೋನು ಬರಲಿಲ್ಲ.

ಗಂಡ ವ್ಯಾಸರಾಜ ಊಟದ ತಟ್ಟೆ ಮುಂದಿಟ್ಟುಕೊಂಡು ಸ್ವಲ್ಪ ಹೊತ್ತು ಕಾದ. ಡಾಟ್‌ಕಾಂ ಕಂಪನಿಯೊಂದರಲ್ಲಿ ಎಂಜಿನಿಯರಾಗಿದ್ದ ಅವನಿಗೆ ಏನೇ ತೊಂದರೆಯಾದರೂ ಕಂಪ್ಯೂಟರಿನ ಮುಂದೆ ಕೂರುವುದೇ ರೂಢಿ. ಇಂಟರ್ನೆಟ್ಟಿಗೆ ಹೋಗಿ ಸೆವಿಲ್‌ನ ರಾತ್ರಿಗಳ ಬಗ್ಗೆ ಓದತೊಡಗಿದ. ಪ್ರವಾಸಿಯೊಬ್ಬ ಬ್ಯಾಗು ಕಸಿಯುವವರ ಬಗ್ಗೆ ಬರೆದಿದ್ದ. ಇನ್ನೊಬ್ಬಳು ಹಳೇ ಊರಿನ ಓಣಿಗಳಲ್ಲಿ ದಾರಿ ತಪ್ಪಿ ಬೆಳಗಿನವರೆಗೆ ಅಲೆದಿದ್ದಳಂತೆ. ಫೋಟೋಗಳು ನಿಧಾನವಾಗಿ ಗೆರೆಗೆರೆಯಾಗಿ ಮೂಡಿದವು. ಕಿತ್ತಳೆ ಮರಗಳು, ಕತ್ತಲ ಓಣಿ, ಗ್ಲಾಸು ಹಿಡಿದು ರಸ್ತೆಯಲ್ಲೇ ನಿಂತ ಜನ. ಆ ಜನರ ನಡುವೆ ಇಂದುವನ್ನು ಊಹಿಸಿಕೊಳ್ಳಲು ಅವನಿಂದಾಗಲಿಲ್ಲ. ಆಸ್ಪತ್ರೆಯ ಪಾರ್ಕಿಂಗ್ ಲಾಟಿನಲ್ಲಿ ಕತ್ತಲಾದರೆ ಅವನೊಡನೆ ಸೆಲ್‌ಫೋನಿನಲ್ಲಿ ಮಾತಾಡುತ್ತಲೇ ಕಾರಿನವರೆಗೆ ನಡೆಯುವವಳು ಅವಳು.

"ಅಪ್ಪ, ನೀನು ಆನ್‌ಲೈನ್ ಇದ್ದೀಯಾ?" ಹೈಸ್ಕೂಲಿನಲ್ಲಿದ್ದ ಮಗಳು ನಿಹಾರಿಕಾ ಬಾಗಿಲಲ್ಲಿ ನಿಂತು ಕೇಳಿದಳು. "ದೆನ್ ಫೋನ್ ಬಿಜಿ ಬರತ್ತಲ್ವಾ? ಅಮ್ಮ ಹೇಗೆ ಕಾಲ್ ಮಾಡ್ತಾಳೆ?"

ಫೋನಿಗೂ ಇಂಟರ್ನೆಟ್ಟಿಗೂ ಮನೆಗಿದ್ದದ್ದು ಒಂದೇ ಲೈನು. ಇಷ್ಟು ಹೊತ್ತೂ ಅದನ್ನು ಹಿಡಿದಿಟ್ಟವನು ತಾನೇ. ತಕ್ಷಣ ಇಂಟರ್ನೆಟ್ ನಿಲ್ಲಿಸಿ ಹೋಟೆಲಿಗೆ ಡಯಲ್ ಮಾಡಿದ. ಅಲ್ಲಿ ಆಗ ನಡುರಾತ್ರಿ ದಾಟಿತ್ತು. ಎತ್ತಿಕೊಂಡವನಿಗೆ ಇಂಗ್ಲಿಷು ಬರುತ್ತಿರಲಿಲ್ಲ. ಮಗಳು ಫೋನು ತೆಗೆದುಕೊಂಡು, ಸ್ಕೂಲಿನಲ್ಲಿ ಕಲಿತ ಸ್ಪ್ಯಾನಿಷ್‌ನಲ್ಲಿ ತಡವರಿಸುತ್ತ ವಿಚಾರಿಸಿದಳು.

"ಏನಂತೆ?"

"ರೂಮಿಗೆ ಬಂದು, ಮತ್ತೆ ಹೊರಗೆ ಹೋದ್ಳಂತೆ."

"ಇಷ್ಟೊತ್ತಲ್ಲಿ? ಪೊಲೀಸಿಗೆ ಹೇಳ್ಬೇಕಾ ಕೇಳು."

ನಿಹಾರಿಕಾ ಕೇಳಿದಳು. ಆ ಕಡೆಯವನು ನಕ್ಕದ್ದು ವ್ಯಾಸರಾಜನಿಗೂ ಕೇಳಿಸಿತು.

"ಸಾಟರ್‌ಡೇ ನೈಟ್ ಇಷ್ಟು ಬೇಗ ಯಾರು ವಾಪಸ್ ಬರ್ತಾರೆ ಅಂತಿದ್ದಾನೆ."

ಆ ನಗು ಅವನ ಭಯವನ್ನು ಇನ್ನಷ್ಟು ಹೆಚ್ಚಿಸಿತು. ಮತ್ತೆ ಡಯಲ್ ಮಾಡಿದರೆ ಲೈನು ಬಿಜಿಯಾಗುತ್ತದೆಂದು ಹೆದರಿ, ಸುಮ್ಮನೆ ಫೋನನ್ನೇ ನೋಡುತ್ತ ಕುಳಿತ. ಸಂಜೆ ಆರರ ಹೊತ್ತಿಗೆ ಅದು ಬಡಿದುಕೊಂಡಿತು.

"ರೀ, ಎಷ್ಟು ಸಲ ಮಾಡಿದೆ, ಬರೀ ಬಿಜಿ. ಅಷ್ಟರಲ್ಲಿ ಜೊತೆಯ ಡಾಕ್ಟರುಗಳು ಊಟಕ್ಕೆ ಕರೆದ್ರು, ಹೋದೆ."

"ಇಷ್ಟೊತ್ತೂ ಊಟಾನಾ?"

"ಇಲ್ಲಿ ಊಟಕ್ಕೆ ಕೂರೋದೇ ಹನ್ನೊಂದಕ್ಕೆ. ಸೊಪ್ಪು, ಕಡಲೆಕಾಳು, ಥೇಟ್ ನಮ್ಮ ಪಲ್ಯದ ಹಾಗೇ ಇತ್ತು. ಆಮೇಲೆ ಚೌಕದಲ್ಲಿ ಕೂತ್ವಿ. ಅಷ್ಟೊತ್ತಲ್ಲಿ ಮಕ್ಕಳು ಚೆಂಡಾಡ್ತಿದ್ವು, ಅಜ್ಜಿಯಂದಿರು ಐಸ್‌ಕ್ರೀಮ್ ತಿಂತಿದ್ರು. ಯಾರೋ ಹಾಡಿದ್ರೆ ಎಲ್ಲಾ ಚಪ್ಪಾಳೆ ತಟ್ಟಿದ್ರು. ನಾನೂ ತಟ್ಟಿದೆ."

"ಹೋಟೆಲಿಗೆ ಯಾರು ಬಿಟ್ರು?"

"ಅವರ ಹೋಟೆಲು ಬೇರೆ ಕಡೆ. ನಾನೊಬ್ಬಳೇ ನಡ್ಕೊಂಡು ಬಂದೆ."

ಅವನು ರಿಸೀವರನ್ನು ಕಿವಿಗೆ ಒತ್ತಿ ಹಿಡಿದ.

"ಮೊದಲು ಬ್ಯಾಗು ಅವುಚಿಕೊಂಡೇ ನಡೆದೆ. ಹಿಂದೆ ಹೆಜ್ಜೆ ಸದ್ದು ಕೇಳ್ತು. ತಿರುಗಿ ನೋಡಿದ್ರೆ, ಮಗೂನ ಹೆಗಲ ಮೇಲೆ ಮಲಗಿಸಿಕೊಂಡು ಹೋಗ್ತಿದ್ದ ಯಾರೋ ಅಪ್ಪ. ಆಮೇಲೆ ಹೆದರಿಕೆ ಮರೆತೇಹೋಯ್ತು."

"ನಾಳೆ ಬೇಗ ಬಂದ್ಬಿಡು ರೂಮಿಗೆ."

"ಇಲ್ಲ ರೀ. ನಾಳೆ ಒಂದೇ ರಾತ್ರಿ ಉಳಿದಿರೋದು. ಹೋಗ್ತೀನಿ."

"ಸರಿ. ಎಷ್ಟೊತ್ತಾದ್ರೂ ಫೋನು ಮಾಡು," ಎಂದ.

ಫೋನಿಟ್ಟ ಮೇಲೂ ಮನೆಯೊಳಗೆ ಕೂರಲಾಗದೆ ಮಗಳನ್ನು ಕರೆದುಕೊಂಡು ಹೊರಗೆ ನಡೆದ. ಗ್ಯಾರೇಜುಗಳ ಬಾಗಿಲೆಲ್ಲ ಮುಚ್ಚಿದ್ದವು. ರಸ್ತೆಯ ತುದಿಯವರೆಗೆ ಹೋದರೂ ಎದುರಿಗೆ ಒಬ್ಬರೂ ಸಿಗಲಿಲ್ಲ.

"ಅಮ್ಮ ಖುಷಿಯಾಗಿದ್ದಾಳಾ?" ನಿಹಾರಿಕಾ ಕೇಳಿದಳು.

"ತುಂಬಾ," ಎಂದ ವ್ಯಾಸರಾಜ. ಇಲ್ಲಿಗೆ ಮರಳಿ ಬಂದ ಮೇಲೆ ಅವಳಿಗೆ ಹೇಗನ್ನಿಸುವುದೋ ಎಂಬ ಹೊಸ ಚಿಂತೆ ಅವನನ್ನು ಹಿಡಿದಿತ್ತು.