ಅಕ್ಕನ ಮಗಳ ಟ್ರೈನಿಂಗ್

ಪೀಣ್ಯದ ನಮ್ಮ ಕಾರ್ಖಾನೆಯಲ್ಲಿ ಗ್ರೈಂಡಿಂಗ್ ಮಷೀನು ನನ್ನದು ಎಂದರೆ ನನ್ನದೇ. ಆಯುಧಪೂಜೆಗೆ ಅದರ ಮುಂದೆ ಕುಂಬಳಕಾಯಿ ಒಡೆಯುವವನೂ ನಾನೇ. ಬೇರೆ ಆಪರೇಟರ್ ಯಾರಾದರೂ ಹತ್ತಿರ ಸುಳಿದರೆ ಬೈದು ಅಟ್ಟುತ್ತಿದ್ದೆ. ಕಸುಬಿನ ಗುಟ್ಟು ಬಿಟ್ಟುಕೊಡುವ ಜಾಯಮಾನ ನನ್ನದಲ್ಲ.

ತೊಂಬತ್ತೇಳರಲ್ಲಿ ಅಕ್ಕನ ಮಗಳು ಸ್ಫೂರ್ತಿ ಬಂದಳು. ಖಾಸಗಿ ಎಂಜಿನಿಯರಿಂಗ್ ಕಾಲೇಜಿನ ವಿದ್ಯಾರ್ಥಿನಿ. ಓದಿನ ನಡುವೆ ಆರು ತಿಂಗಳು ಕಾರ್ಖಾನೆಯಲ್ಲಿ ದುಡಿದು ಕಲಿಯಬೇಕೆಂಬುದು ಅಲ್ಲಿನ ಹೊಸ ಪದ್ಧತಿ. ಹುಡುಗಿಯರು ಬೇಡವೆಂದ ಮ್ಯಾನೇಜರ್ ಹನುಮಯ್ಯನವರನ್ನು ಕಾಡಿ ಬೇಡಿ ಒಪ್ಪಿಸಿದವನು ನಾನು. ಮನೆಯ ಹುಡುಗಿಗೆ ಎಂಥ ಮುಚ್ಚುಮರೆ? ವೀಲ್ ಕೂರಿಸುವುದು, ಶಬ್ದ ಕೇಳಿಯೇ ತಪ್ಪು ಹಿಡಿಯುವುದು, ಎಲ್ಲವನ್ನೂ ಧಾರೆಯೆರೆದೆ. ಜಾಣೆ, ಬೇಗ ಕಲಿತಳು. ನನಗೆ ಹೆಮ್ಮೆಯೋ ಹೆಮ್ಮೆ.

ಕೊನೆಗೆ ಕಾಲೇಜಿನ ಸಭಾಂಗಣದಲ್ಲಿ ಕಲಿತದ್ದನ್ನು ವಿವರಿಸಬೇಕಿತ್ತು. ಇಸ್ತ್ರಿ ಅಂಗಿ ತೊಟ್ಟು ಹನುಮಯ್ಯನವರ ಪಕ್ಕದಲ್ಲೇ ಕೂತೆ. ಸ್ಫೂರ್ತಿ ಪಟಪಟನೆ ಇಂಗ್ಲಿಷಿನಲ್ಲಿ ಮಾತಾಡಿದಳು. ನನಗೆ ತಿಳಿದದ್ದು ಅಷ್ಟರಲ್ಲೇ ಇದೆ. ಚಪ್ಪಾಳೆ ಮಾತ್ರ ಎಲ್ಲರಿಗಿಂತ ಜೋರಾಗಿ ತಟ್ಟಿದೆ.

ಹನುಮಯ್ಯ ನನ್ನತ್ತ ಬಾಗಿದರು. "ನಿಮ್ಮ ಹುಡುಗಿ ಭಾರಿ ಚುರುಕು ಕಣ್ರೀ ಕೊಟ್ರೇಶ್. ನಿಮ್ಮ ಮಷೀನಿಗೆ ಪರ್ಮನೆಂಟ್ ಆಪರೇಟರೇ ಬೇಕಾಗಿಲ್ವಂತೆ. ಆರಾರು ತಿಂಗಳಿಗೆ ಒಂದೊಂದು ಬ್ಯಾಚ್ ಕಾಲೇಜ್ ಹುಡುಗ್ರು ಬಂದು ನಡೆಸ್ಬಹುದಂತೆ. ಅವಳ ರಿಪೋರ್ಟ್ ಮೊದ್ಲೇ ಓದಿ ಎಂ.ಡಿ. ಆಗ್ಲೇ ಒಪ್ಬಿಟ್ರು."

"ಮತ್ತೆ ನಾನು, ಸಾರ್?"

"ಮೊದಲ ಬ್ಯಾಚಿಗೆ ಕಲಿಸ್ಕೊಡಿ. ಆಮೇಲೆ ಲೆಕ್ಕ ಚುಕ್ತಾ ಮಾಡ್ತೀವಿ."

ಕೊಡಲಿ ಕಾವು ಕುಲಕ್ಕೆ ಸಾವು ಅನ್ನುತ್ತಾರೆ. ಇಲ್ಲಿ ಕಾವನ್ನು ಕೆತ್ತಿ, ನುಣ್ಣಗೆ ಮಾಡಿ ಕೊಟ್ಟವನು ನಾನೇ. ಮಗನ ಓದು, ಮನೆ ಬಾಡಿಗೆ ಎಲ್ಲ ಒಟ್ಟಿಗೇ ಕಣ್ಣ ಮುಂದೆ ಬಂದವು.

ಸ್ಫೂರ್ತಿ ಓಡಿ ಬಂದು ಕಾಲಿಗೆರಗಿದಳು. "ಮಾವಾ, ನಂದೇ ಫಸ್ಟ್!"

"ಆ ಮಷೀನಿಗೆ ಆಪರೇಟರ್ ಬ್ಯಾಡ ಅಂದ್ಯಂತಲ್ಲವ್ವಾ?"

"ನಾನ್ ಯಾರ ಹೆಸ್ರೂ ಹೇಳಿಲ್ಲ ಮಾವಾ. ಬರೀ ಮಷೀನ್ ಬಗ್ಗೆ..." ಎಂದವಳು ಅಲ್ಲೇ ನಿಂತಳು. ಮುಖ ಬಿಳಿಚಿಕೊಂಡಿತು. ಆರು ತಿಂಗಳು ನನ್ನ ಪಕ್ಕದಲ್ಲೇ ನಿಂತವಳಿಗೆ ನಾನು ನೆನಪಾದದ್ದು ಆಗಲೇ. ಸಿಟ್ಟು ಬಂತು. ಆ ಮುಖ ನೋಡಿ ಬೈಯಲೂ ಆಗಲಿಲ್ಲ.

ಹನುಮಯ್ಯನವರ ಕಡೆ ತಿರುಗಿ ಕೈಮುಗಿದಳು. "ಸಾರ್, ಅದು ಬರೀ ಮಾರ್ಕ್ಸಿಗೋಸ್ಕರ ಮಾಡಿದ್ದು ಸಾರ್! ಹೊಸಬ್ರ ಕೈಲಿ ಆ ಕೆಲಸ ಆಗಲ್ಲ ಸಾರ್!"

ಹನುಮಯ್ಯ ನಕ್ಕರು. "ಯಾಕಾಗಲ್ಲಮ್ಮ? ನೀನು ಮಾಡ್ಲಿಲ್ವಾ?"