ಪಕ್ಕದವಳ ಗುರಾಣಿ

ನನ್ನ ತಮ್ಮ ಶಶಿಕಿರಣನಿಗೆ ಹಟ ಹುಟ್ಟಿನಿಂದಲೇ ಬಂದದ್ದು. ಕಿಡ್ನಿ ಎರಡೂ ಕೈಕೊಟ್ಟ ಮೇಲೂ ಅದೊಂದು ಮಾತ್ರ ಗಟ್ಟಿಮುಟ್ಟಾಗಿ ಉಳಿದಿದೆ. ವಾರಕ್ಕೆ ಮೂರು ದಿನ ಹಾಸನದ ಆಸ್ಪತ್ರೆಯಲ್ಲಿ ಡಯಾಲಿಸಿಸ್. ಮಿಕ್ಕ ದಿನ ಮನೆಯಲ್ಲಿ ಕೂತು ಒಂದು ಆಟ ಮಾಡುತ್ತಾನೆ. ಆಡುವುದಲ್ಲ, ಮಾಡುವುದು.

ಅದು ಚೌಕಾಬಾರವಲ್ಲ, ಪಗಡೆಯೂ ಅಲ್ಲ. ಒಬ್ಬರು ಕತೆ ನಡೆಸುತ್ತಾರೆ. ಮಿಕ್ಕವರು ಅದರೊಳಗಿನ ವೀರರಾಗಿ ‘ನಾನು ಹೀಗೆ ಮಾಡುತ್ತೇನೆ’ ಎನ್ನುತ್ತಾರೆ. ಆಯಿತೋ ಇಲ್ಲವೋ ಎನ್ನುವುದನ್ನು ದಾಳ ಹೇಳುತ್ತದೆ. ರಾಕ್ಷಸರು, ಕೋಟೆ, ಮಾಟಗಾತಿ ಎಲ್ಲ ಇದ್ದಾರೆ. ವೀರರ ಒಡವೆ, ಕಿರೀಟಗಳ ಚಿತ್ರವನ್ನು ಅವನು ಮೊಸಳೆ ಎಂಬ ಊರಿನ ಜೋಡಿ ಗುಡಿಗಳ ಮುಂದೆ ಕೂತು ಬರೆದ, ಓಡಾಡುವ ಶಕ್ತಿ ಇದ್ದಾಗ. ಭಾನುವಾರ ನಾನು ಅರಕಲಗೂಡಿನ ನನ್ನ ಮನೆಯಿಂದ ಬಸ್ಸು ಹತ್ತಿ ತವರಿಗೆ ಬರುತ್ತೇನೆ. ಅವನ ಗೆಳೆಯ ಪಾಲಾಕ್ಷ ಮೊಬೈಲ್ ಅಂಗಡಿಗೆ ಬಾಗಿಲು ಹಾಕಿ ಬರುತ್ತಾನೆ. ಕತೆ ನಡೆಸುವವನು ಪಾಲಾಕ್ಷ, ವೀರರು ನಾನು ಮತ್ತು ಶಶಿ. ನಿಯಮ ಬರೆಯುವವನು ಮಾತ್ರ ಶಶಿಯೊಬ್ಬನೇ, ಅದರಲ್ಲಿ ಯಾರೂ ಬಾಯಿ ಹಾಕುವಂತಿಲ್ಲ.

ತೊಂದರೆ ಶುರುವಾದದ್ದು ಕವಚ, ಗುರಾಣಿಗಳ ನಿಯಮದಿಂದ. ಮೊದಮೊದಲು ದಪ್ಪ ಕವಚ ತೊಟ್ಟವನಿಗೆ ಏಟೇ ತಾಗುತ್ತಿರಲಿಲ್ಲ. ಇನ್ನೇನು, ಎಲ್ಲರೂ ಅದನ್ನೇ ತೊಟ್ಟೆವು. ಶಶಿ ಅದಕ್ಕೆ ಭಾರ ಸೇರಿಸಿದ: ಕವಚ ದಪ್ಪವಾದಷ್ಟೂ ನಡಿಗೆ ನಿಧಾನ, ಓಡಿಹೋಗಲು ಆಗದು. ಅದು ಸರಿಹೋಯಿತು. ಗುರಾಣಿ ಸರಿಹೋಗಲಿಲ್ಲ. ಗುರಾಣಿ ಹಿಡಿದವರು ಪಕ್ಕದವರ ಮೇಲೆ ಬೀಳುವ ಏಟನ್ನೂ ತಾವು ತಡೆಯಬಹುದು, ಮೂರು ಏಟಿಗೆ ಗುರಾಣಿ ಒಡೆಯುತ್ತದೆ ಎಂದಿತ್ತು. ಗುರಾಣಿಯವಳು ನಾನು. ಶಶಿ ಬಿಲ್ಲುಗಾರ, ಮೈಮೇಲೆ ತೆಳ್ಳನೆಯ ತೊಗಲಿನ ಕವಚ. ಅವನ ಮೇಲೆ ಬಂದ ಪ್ರತಿ ಏಟಿಗೂ ನಾನು ಗುರಾಣಿ ಅಡ್ಡ ಹಿಡಿಯುತ್ತಿದ್ದೆ. ಒಡೆದರೆ ಇನ್ನೊಂದು ತರುತ್ತಿದ್ದೆ.

“ನಿನ್ನಿಂದ ಈ ಆಟದಲ್ಲಿ ಒಬ್ಬನೂ ಸಾಯ್ತಿಲ್ಲ ಕಣಕ್ಕ. ಯಾರೂ ಸಾಯ್ದಿರೋ ಯುದ್ಧ ಒಂದ್ ಯುದ್ಧವಾ?” ಎಂದು ಪಾಲಾಕ್ಷ ಗೋಳಾಡುತ್ತಿದ್ದ.

“ಸಾಯ್ಲೇಬೇಕು ಅಂದ್ರೆ ನಿನ್ ರಾಕ್ಷಸರು ಸಾಯ್ಲಿ ಬುಡು,” ಎನ್ನುತ್ತಿದ್ದೆ.

ಆಟದ ಹೊರಗೂ ನಮ್ಮಿಬ್ಬರಿಗೆ ಜಗಳವಿತ್ತು. ನನ್ನ ಕಿಡ್ನಿ ಅವನಿಗೆ ಹೊಂದುತ್ತದೆ ಎಂದು ಮೈಸೂರಿನ ಡಾಕ್ಟರು ಹೇಳಿ ತಿಂಗಳುಗಳಾದವು. ಅಪ್ಪ ಇಲ್ಲ, ಅವ್ವನಿಗೆ ಸಕ್ಕರೆ ಕಾಯಿಲೆ, ಕೊಡಲು ಉಳಿದವಳು ನಾನೊಬ್ಬಳೇ. ನನ್ನ ಗಂಡ ದಿಲೀಪ್ ಕೂಡ ಹೂಂ ಎಂದಿದ್ದಾರೆ. ಬೇಡ ಎನ್ನುತ್ತಿರುವವನು ಯಾರಿಗೆ ಬೇಕೋ ಅವನೇ! ಅವ್ವ ಅವನ ಪಕ್ಷ. “ಗೌರಿ ಹಬ್ಬಕ್ಕೆ ಬಾಗಿನ ಕೊಡೋ ಮನೆ ಕಣವ್ವ ಸೌಜನ್ಯ ಇದು. ಕೊಟ್ಟ ಹೆಣ್ಣು ಕುಲಕ್ಕೆ ಹೊರಗು ಅಂತಾರೆ. ನಿನ್ ತಾವ ಎಂಗವ್ವ ಕೈ ಚಾಚೋದು?” ಎಂದು ಕಣ್ಣೊರೆಸಿಕೊಳ್ಳುತ್ತಾಳೆ. ಮಗ ಉಳಿಯಬೇಕು, ಮಗಳ ಮೈಗೆ ಕತ್ತಿ ತಾಗಬಾರದು. ಪಾಪ, ಅವಳಾದರೂ ಏನು ಮಾಡಿಯಾಳು? ನನಗೆ ಮಾತ್ರ ಕೇಳಿ ಕೇಳಿ ರೋಸಿಹೋಗಿತ್ತು. ಕಳೆದ ತಿಂಗಳು ಶ್ವಾಸಕೋಶದಲ್ಲಿ ನೀರು ತುಂಬಿ ಶಶಿ ಉಸಿರಾಡಲಾಗದೆ ಒದ್ದಾಡಿದ್ದ. ಈ ವಾರದೊಳಗೆ ಏನೆಂದು ತಿಳಿಸಿ, ಇನ್ನು ತಡ ಮಾಡಬೇಡಿ ಎಂದು ಡಾಕ್ಟರು ಮೊನ್ನೆ ಖಂಡಿತವಾಗಿ ಹೇಳಿದ್ದರು.

ಹೀಗಿರುವಾಗ ಈ ಭಾನುವಾರ ಆಟಕ್ಕೆ ಕೂತೆವು. ಸೇತುವೆಯ ಮೇಲೆ ಯುದ್ಧ. ಪಾಲಾಕ್ಷನ ರಾಕ್ಷಸ ಶಶಿಯ ಬಿಲ್ಲುಗಾರನಿಗೆ ಒನಕೆ ಗಾತ್ರದ ಬಾಣ ಬಿಟ್ಟ. ನಾನು ಎಂದಿನಂತೆ, “ಗುರಾಣಿ ಹಿಡ್ದೆ,” ಎಂದೆ.

“ತಡಿ ಅಕ್ಕ,” ಎಂದ ಶಶಿ. “ಹೊಸ ರೂಲು. ಯಾರಿಗೆ ಗುರಾಣಿ ಅಡ್ಡ ಹಿಡೀತೀಯೋ ಅವರು ಒಪ್ಕೊಬೇಕು. ಇಲ್ದಿದ್ರೆ ಹಿಡಿಯಂಗಿಲ್ಲ. ಅಂಗಾದ್ರೇನೆ ಆಟ ಬ್ಯಾಲೆನ್ಸ್ ಆಗೋದು.”

“ಬಾಣ ಬರೋ ಹೊತ್ನಲ್ಲಿ ಅರ್ಜಿ ಇಡ್ಕಂಡು ನಿಂತ್ಕೊಬೇಕೇನೋ?”

“ಹೂಂ.”

“ಸರಿ ಮಾರಾಯ. ಒಪ್ಕೊ.”

“ಒಪ್ಪಲ್ಲ.”

ಪಾಲಾಕ್ಷ ನನ್ನ ಮುಖ, ಅವನ ಮುಖ ನೋಡಿದ. ಆಮೇಲೆ ಬೇರೆ ದಾರಿ ಕಾಣದೆ ದಾಳ ಉರುಳಿಸಿದ. ತೊಗಲಿನ ಕವಚ ಎಷ್ಟು ತಡೆದೀತು? ಬಿಲ್ಲುಗಾರ ಸತ್ತ. ಶಶಿ ಅವನ ಚಿತ್ರದ ಕಾರ್ಡನ್ನು ಎತ್ತಿ, ಊಟ ಮುಗಿಸಿ ಎಲೆ ಮಡಿಸುವವನ ಹಾಗೆ ನಿರಾಳವಾಗಿ ಪಕ್ಕಕ್ಕಿಟ್ಟ.

ನನಗೆ ಮೈಯೆಲ್ಲ ಉರಿದುಹೋಯಿತು. ಮೇಜಿನ ಮೇಲಿದ್ದ ದಾಳ, ಕಾರ್ಡು ಎಲ್ಲ ಕೈಯಲ್ಲಿ ಬಾಚಿ ನೆಲಕ್ಕೆ ಕೆಡವಿದೆ. “ಸಾಯೋದು ಅಷ್ಟು ಸಲೀಸೇನೋ ನಿಂಗೆ?”

“ಆಟ ಕಣಕ್ಕ.”

“ಆಟ ಅಂತೆ ಆಟ! ನನ್ ಮಕ ನೋಡ್ಕಂಡು ಯೋಳು.”

ನೋಡಿದ. “ನಿಂಗೊಂದು ಪುಟ್ಟ ಮಗು ಐತೆ ಅಕ್ಕ. ಆಪರೇಷನ್ ಮೇಜಿನ ಮೇಲೆ ಮಲಗಿದೋಳು ಏಳ್ದೇ ಓದ್ರೆ ಆ ಮಗೀಗೆ ನಾನ್ ಏನಂತ ಯೋಳ್ಲಿ? ನಿಮ್ಮವ್ವನ್ನ ತಿಂದ್ಕಂಡು ಬದುಕಿವ್ನಿ ಅನ್ಲಾ?”

ಪಾಲಾಕ್ಷ ಮೆಲ್ಲಗೆ ಎದ್ದು ಚಪ್ಪಲಿ ಹುಡುಕತೊಡಗಿದ. “ಕೂತ್ಕಳೋ ನೀನು!” ಎಂದು ಗದರಿದೆ. “ಇನ್ನೊಂದಾಟ ಆಡಾನ. ಈ ಸಲ ಬಿಲ್ಲು ನಂಗೆ, ಗುರಾಣಿ ಅವನಿಗೆ. ರೂಲು ಅದೇ.”

ಏನೋ ಉಪಾಯ ಹೂಡಿದೆ ಎಂದುಕೊಳ್ಳಬೇಡಿ. ಅಷ್ಟು ಬುದ್ಧಿ ಆ ಹೊತ್ತಿನಲ್ಲಿ ನನಗೆ ಎಲ್ಲಿತ್ತು? ಪಕ್ಕದಲ್ಲಿ ನಿಂತವರು ಕಣ್ಣೆದುರೇ ಸತ್ತರೆ ಹೇಗಿರುತ್ತದೆ ಎಂದು ಅವನಿಗೂ ಗೊತ್ತಾಗಲಿ ಎನ್ನುವ ಸೇಡು, ಅಷ್ಟೇ.

ಪಾಲಾಕ್ಷ ಬಗ್ಗಿ ಎಲ್ಲ ಆರಿಸಿ ಮೇಜಿನ ಮೇಲೆ ಜೋಡಿಸಿದ. ರಾಕ್ಷಸ ಬಂದ. ಬಾಣ ಹೂಡಿದ. “ಅಕ್ಕನ ಮೇಲೆ,” ಎಂದು ಪಾಲಾಕ್ಷ ಹೇಳಿ ಮುಗಿಸುವಷ್ಟರಲ್ಲಿ ಶಶಿ ಗುರಾಣಿಯ ಬಿಲ್ಲೆಯನ್ನು ನನ್ನ ಮುಂದೆ ತಳ್ಳಿಯಾಗಿತ್ತು.

“ನನ್ನ ಕೇಳಿದ್ಯೇನೋ?” ಎಂದೆ.

ಬಿಲ್ಲೆಯನ್ನು ಇನ್ನಷ್ಟು ಮುಂದಕ್ಕೆ ತಳ್ಳಿದ.

“ನಾನ್ ಒಪ್ಪಲ್ಲ. ತೆಗಿ ಅದ್ನ.”

“ನೀನ್ ಒಪ್ದಿದ್ರೆ ಕತ್ತೆಬಾಲ!” ಎಂದು ಕಿರುಚಿದ. “ಒಡೆದ್ರೆ ನಂದು ಒಡೀಲಿ. ನೀನ್ ಸಾಯೋದ್ ನೋಡ್ಕಂಡು ಕೂತ್ಕೊಳಕಾಯ್ತದಾ ನಂಗೆ?”

ಹೇಳಿದ ಮೇಲೆ ಅವನಿಗೇ ಕೇಳಿಸಿತು. ಡಯಾಲಿಸಿಸ್ ಸೂಜಿಗೆ ಉಬ್ಬಿ ನಿಂತಿರುವ ಎಡಗೈ ನರವನ್ನು ಬಲಗೈಯಿಂದ ಸವರುತ್ತ ತಲೆ ತಗ್ಗಿಸಿದ.

ಕಿರುಚಾಟ ಕೇಳಿ ಅವ್ವ ಅಡುಗೆಮನೆಯಿಂದ ಓಡಿ ಬಂದಳು. ಶಶಿ ಅವಳ ಸೆರಗು ಹಿಡಿದುಕೊಂಡ. “ಅವ್ವ, ಮೈಸೂರಿಗೆ ಫೋನ್ ಮಾಡ್ಬುಡ್ಲಾ? ಅಕ್ಕಂದು ಈಸ್ಕತೀನಿ ಅಂತ.” ಅವ್ವ ಅವನ ತಲೆ ಎದೆಗೊತ್ತಿಕೊಂಡು ಅಳುತ್ತ, ಇನ್ನೊಂದು ಕೈಯಿಂದ ನನ್ನ ರಟ್ಟೆ ಹಿಡಿದಳು. ಯಾರಿಗೋಸ್ಕರ ಅಳುತ್ತಿದ್ದಾಳೆಂದು ಅವಳಿಗೂ ಗೊತ್ತಿರಲಿಲ್ಲ. ಪಾಲಾಕ್ಷ ಗೋಡೆ ಕಡೆ ತಿರುಗಿ ಮೂಗು ಒರೆಸಿಕೊಂಡ.

ಗೆದ್ದೆ ಎಂದು ನಾನು ಕುಣಿದಾಡಬೇಕಿತ್ತು. ಆದರೆ ‘ನಾಳೆ ಮಾಡಿದ್ರಾಯ್ತು ಬುಡು’ ಎನ್ನುವ ಮಾತು ನಾಲಿಗೆಯ ತುದಿಗೆ ಬಂದುಬಿಟ್ಟಿತ್ತು. ಆಗ ತಿಳಿಯಿತು, ಇಷ್ಟು ತಿಂಗಳು ನಾನು ಧೈರ್ಯವಂತೆಯಾಗಿದ್ದು ಅವನು ಬೇಡ ಬೇಡ ಎನ್ನುತ್ತಿದ್ದುದರಿಂದ. ಆ ‘ಬೇಡ’ದ ಹಿಂದೆ ನಿಂತು ಕೊಡ್ತೀನಿ, ಕೊಡ್ತೀನಿ ಎಂದು ಕೂಗುವುದು ಎಷ್ಟು ಸುಲಭವಾಗಿತ್ತು! ಈಗ ಅದನ್ನು ಅವನು ಪಕ್ಕಕ್ಕೆ ತೆಗೆದಿಟ್ಟಿದ್ದ. ಅರಕಲಗೂಡಿನಲ್ಲಿ ಮಗಳು ಈ ಹೊತ್ತಿಗೆ ಮಧ್ಯಾಹ್ನದ ನಿದ್ದೆಯಿಂದ ಎದ್ದು ‘ಅಮ್ಮ ಎಲ್ಲಿ’ ಎಂದು ಕೇಳುತ್ತಿರುತ್ತಾಳೆ ಎನಿಸಿತು.

ಶಶಿ ಫೋನು ಕೈಯಲ್ಲಿ ಹಿಡಿದು ನನ್ನನ್ನೇ ನೋಡುತ್ತಿದ್ದ. “ಅಕ್ಕ, ಭಯ ಆಯ್ತೈತಾ?”

ಇಲ್ಲ ಎನ್ನಲು ಬಾಯಿ ತೆರೆದೆ. “ಆಯ್ತೈತೆ ಕಣೋ,” ಎಂದೆ. “ಈಗ್ಲೇ ಮಾಡು. ನಾಳೆ ಅಂದ್ರೆ ಓಡೋಗ್ಬುಡ್ತೀನಿ.”