ನಾನೂರ ಮೂವತ್ತನಾಲ್ಕರ ಪಿಯಾನೋ

ನಾವು ನುಡಿಸುವ ಹಾಲ್‌ನ ಪಿಯಾನೋಗೆ ವಯಸ್ಸಾಗಿದೆ. ರಿಪೇರಿಗೆ ಬಂದವನು ಮುಂದಿನ ಹಲಗೆ ತೆಗೆದು, ಟಾರ್ಚ್ ಹಿಡಿದು ಒಳಗೆಲ್ಲ ನೋಡಿ, ತಂತಿಗಳನ್ನು ಇನ್ನು ಬಿಗಿ ಮಾಡಿದರೆ ಒಂದೊಂದೇ ಕಿತ್ತುಬರುತ್ತವೆ, ಇದ್ದಂತೆ ಇರಲಿ ಬಿಡಿ ಎಂದು ಕೈಚೆಲ್ಲಿದ. ಹೋಗುವಾಗ ಹಲಗೆಯನ್ನಾದರೂ ಸರಿಯಾಗಿ ಕೂರಿಸಿದನೇ ಎಂದರೆ ಅದೂ ಇಲ್ಲ, ಅದರ ಅಂಚು ಮುರಿದು ಗೋಡೆಗೆ ಒರಗಿಸಿ ಹೋದ. ಅಂದಿನಿಂದ ಆ ಪಿಯಾನೋದ ಹೊಟ್ಟೆ ತೆರೆದೇ ಇದೆ. ನಮ್ಮ ಪಿಯಾನೋ ನುಡಿಸುವ ಮೇಷ್ಟ್ರು ಕಪ್ಪು ಬಿಳಿ ಮನೆಗಳನ್ನು ಒತ್ತಿದಾಗೆಲ್ಲ ಒಳಗಿನ ಪುಟ್ಟ ಸುತ್ತಿಗೆಗಳು ಎದ್ದು ತಂತಿಗೆ ಹೊಡೆಯುವುದು ನಮಗೆಲ್ಲ ಕಾಣುತ್ತದೆ.

ಹೀಗಾಗಿ ಅದರ ಶ್ರುತಿ ಲೋಕದ ಶ್ರುತಿಗಿಂತ ಒಂದು ಚೂರು ಕೆಳಗೇ ಉಳಿಯಿತು. ಉಳಿದವರೆಲ್ಲ ಗಿಟಾರನ್ನು ನಾನೂರ ನಲವತ್ತಕ್ಕೆ, ಅಂದರೆ ಆಧಾರದ ಸ್ವರ ಸೆಕೆಂಡಿಗೆ ಅಷ್ಟು ಸಲ ಕಂಪಿಸುವ ಲೆಕ್ಕಕ್ಕೆ, ಕೂಡಿಸಿಕೊಳ್ಳುತ್ತಾರೆ. ಗಿಟಾರಿನ ತಲೆಗೆ ಕಚ್ಚಿಸುವ, ಶ್ರುತಿ ಕೂಡಿದರೆ ಹಸಿರು ದೀಪ ಹತ್ತಿಸುವ ಟ್ಯೂನರ್ ಎಂಬ ಯಂತ್ರ ಅಂಗಡಿಯಿಂದ ಬರುವಾಗಲೇ ಆ ಅಂಕಿ ಹೊತ್ತು ಬರುತ್ತದೆ. ನಾವು ಮಾತ್ರ ಗುಂಡಿ ಒತ್ತಿ ಒತ್ತಿ ಅದನ್ನು ನಾನೂರ ಮೂವತ್ತನಾಲ್ಕಕ್ಕೆ ಇಳಿಸಿಕೊಂಡವರು. ವಯಸ್ಸಾದವರ ಜೊತೆ ಹೋಗುವಾಗ ಅವರ ಹೆಜ್ಜೆಗೇ ನಡೆಯಬೇಕು, ಎಳೆದಾಡಬಾರದು ಎಂದು ಅಕ್ಕ ಹೇಳುತ್ತಿದ್ದಳು.

ನಮ್ಮ ಬ್ಯಾಂಡ್ ಎಂದರೆ ನಾಲ್ಕೇ ಜನ. ಪಿಯಾನೋಗೆ ಮೇಷ್ಟ್ರು, ಶಾಲೆ ಬಿಟ್ಟು ಎಷ್ಟೋ ಕಾಲವಾದರೂ ಆ ಹೆಸರು ಅವರನ್ನು ಬಿಟ್ಟಿಲ್ಲ. ಡ್ರಮ್ಸ್‌ಗೆ ಅವಸರ. ಅವನ ಅಪ್ಪ ಅಮ್ಮ ಇಟ್ಟ ಹೆಸರು ಬೇರೆ, ಆದರೆ ಹಾಡು ನಡುವೆ ಬರುವಷ್ಟರಲ್ಲಿ ತಾಳವನ್ನು ಬಸ್ಸು ಹಿಡಿಯುವವನಂತೆ ಓಡಿಸುವವನಿಗೆ ಇನ್ನೇನು ಕರೆಯಬೇಕು? ಗಿಟಾರ್ ನನ್ನದು. ಬೇಸ್ ಗಿಟಾರ್ ಅಕ್ಕನದು. ಭಾನುವಾರ ಮಧ್ಯಾಹ್ನ ಹಾಲ್‌ನಲ್ಲಿ ಗಂಡ ಹೆಂಡಿರು ಜೋಡಿಯಾಗಿ ಬಂದು ನಿಧಾನದ ಹಾಡುಗಳಿಗೆ ಹೆಜ್ಜೆ ಹಾಕುತ್ತಾರೆ. ಹೆಜ್ಜೆ ತಪ್ಪಿದರೆ ನಮ್ಮ ಕಡೆ ಕೆಕ್ಕರಿಸಿ ನೋಡುತ್ತಾರೆ. ಕುಣಿಯಲಾರದವರಿಗೆ ನೆಲ ಯಾವತ್ತೂ ಡೊಂಕೇ.

ವಾರದ ದಿನಗಳಲ್ಲಿ ನಾನು ಸುಟ್ಟ ಮೋಟಾರುಗಳಿಗೆ ಹೊಸ ತಂತಿ ಸುತ್ತುತ್ತೇನೆ. ಅಕ್ಕ ಬಾಟಲಿ ತುಂಬುವ ಕಾರ್ಖಾನೆಯಲ್ಲಿ ಸಾಲಿನ ಪಕ್ಕ ನಿಂತು, ಒಂದಕ್ಕೊಂದು ಬಡಿದುಕೊಳ್ಳುವ ಗಾಜಿನ ಸದ್ದಿನಲ್ಲೇ ಅರ್ಧ ಆಯಸ್ಸು ಕಳೆದವಳು. ಮದುವೆ ಬೇಡ ಎಂದಳು, ನನ್ನ ಮನೆಯಲ್ಲೇ ಉಳಿದಳು. ಭಾನುವಾರ ಒಂದು ಇಲ್ಲದಿದ್ದರೆ ಅವಳಿಗೆ ವಾರವೇ ಇಲ್ಲ. ಶನಿವಾರ ಸಂಜೆಯಿಂದಲೇ ಬೇಸ್‌ನ ತಂತಿಗಳನ್ನು ಒರೆಸುತ್ತ, ಮೈಮೇಲಿನ ಸವೆದ ಸೀರೆಯನ್ನು ಲೆಕ್ಕಿಸದೆ ವೇದಿಕೆಯ ಸೀರೆಗೆ ಇಸ್ತ್ರಿ ಹಾಕುತ್ತ ಓಡಾಡುವಳು.

ನನಗೆ ಗಿಟಾರ್ ಹೇಳಿಕೊಟ್ಟವಳೂ ಅವಳೇ. ಎರಡು ತಂತಿಗಳನ್ನು ಒಟ್ಟಿಗೆ ಮೀಟಿಸಿ, ನನ್ನ ದವಡೆಯನ್ನು ಗಿಟಾರಿನ ಮರಕ್ಕೆ ಒತ್ತಿ ಹಿಡಿಸುತ್ತಿದ್ದಳು. ಶ್ರುತಿ ಕೂಡದಿದ್ದರೆ ನಾದ ಅಲೆಅಲೆಯಾಗಿ ನಡುಗುತ್ತದೆ. ಹತ್ತಿರ ಬಂದಷ್ಟೂ ನಡುಕ ನಿಧಾನವಾಗಿ, ಕೂಡಿದಾಗ ನಿಂತುಬಿಡುತ್ತದೆ. ಆ ನಡುಕಕ್ಕೆ ಅಕ್ಕ ಇಟ್ಟ ಹೆಸರು ಜಗಳ. ಜಗಳ ನಿಲ್ಲುವವರೆಗೂ ಬಿರಡೆ ತಿರುಗಿಸು ಎನ್ನುತ್ತಿದ್ದಳು. ಮುಂದೆ ನಾನು ಟ್ಯೂನರ್ ಕೊಂಡು ತಂದಾಗ ಇಡೀ ದಿನ ನಕ್ಕಿದ್ದಳು, ಕಿವಿ ಇರೋನಿಗೆ ಕನ್ನಡಕ ಯಾಕೆ ಎಂದು.

ಅಂಥವಳು ಹೋದ ವರ್ಷ ಒಂದು ದಿನ ತಾನೇ ಟ್ಯೂನರ್ ತಂದಳು. ಸ್ವಲ್ಪ ದಿನ ಬಿಟ್ಟು ಮೆಟ್ರೊನೋಮ್ ಕೂಡ ಬಂತು. ಬೆಂಕಿಪೊಟ್ಟಣಕ್ಕಿಂತ ತುಸು ದೊಡ್ಡದು, ಬೇಕಾದ ವೇಗ ಕೊಟ್ಟರೆ ಟಿಕ್ ಟಿಕ್ ಎನ್ನುತ್ತ, ಪ್ರತಿ ಪೆಟ್ಟಿಗೂ ಕೆಂಪು ದೀಪ ಮಿನುಗಿಸುತ್ತದೆ. ಅಕ್ಕ ಅದರ ಸದ್ದು ಆರಿಸಿ, ದೀಪ ಮಾತ್ರ ಉಳಿಸಿಕೊಂಡು, ತನ್ನ ಕಣ್ಣಿಗೆ ಕಾಣುವಂತೆ ಆಂಪ್ಲಿಫೈಯರ್ ಮೇಲೆ ಇಟ್ಟಳು. ಕೇಳುವವರಿಗೆ ಕಿರಿಕಿರಿಯಾಗದಿರಲಿ ಎಂದು ಸದ್ದು ಆರಿಸಿದ್ದಾಳೆ ಎಂದುಕೊಂಡೆ ನಾನು. ಕೊನೆಗೂ ಬುದ್ಧಿ ಬಂತಲ್ಲ ಎಂದು ಚೆನ್ನಾಗಿ ರೇಗಿಸಿದೆ. ಅವಳು ನಕ್ಕಳು. ಅವಸರನಿಗೆ ಮಾತ್ರ ಮೈಯೆಲ್ಲ ಉರಿ. ಡ್ರಮ್ಸ್ ನುಡಿಸಲು ತಾನು ಕಲ್ಲುಗುಂಡಿನಂತೆ ಕೂತಿರುವಾಗ ತಾಳ ಹೇಳೋಕೆ ಒಂದು ದೀಪ ಬೇಕೇ ಎಂದು ಕೇಳಿದ. ತಾನು ಓಡುವುದಿಲ್ಲ, ನಾವೆಲ್ಲ ಕುಂಟುತ್ತೇವೆ ಎನ್ನುವುದು ಅವನ ಖಾಯಂ ವಾದ. ಆ ದೀಪದ ಕಡೆ ಅಪ್ಪಿತಪ್ಪಿಯೂ ನೋಡುವುದಿಲ್ಲ ಎಂದು ಶಪಥ ಮಾಡಿದ, ಮಾಡಿದಂತೆ ನಡೆದುಕೊಂಡ.

ಮನೆಯಲ್ಲಿ ನನ್ನ ಹೆಂಡತಿಯದು ಬೇರೆ ದೂರು. ನಿಮ್ಮಕ್ಕನಿಗೆ ಬರಬರುತ್ತ ಗರ್ವ, ಅಡುಗೆಮನೆಯಿಂದ ಕೂಗಿದರೆ ತಿರುಗಿಯೂ ನೋಡುವುದಿಲ್ಲ ಎನ್ನುತ್ತಿದ್ದಳು. ಫೋನ್ ಬಂದರೆ ಅಕ್ಕ ನನ್ನ ಕೈಗೆ ಕೊಟ್ಟು ಎದ್ದುಹೋಗುತ್ತಿದ್ದಳು. ನಾನು ಒಂದೆರಡು ಸಲ ಕೂಗಾಡಿದ್ದೂ ಉಂಟು. ಇವೆಲ್ಲ ಕಣ್ಣೆದುರಿಗೇ ನಡೆಯುತ್ತಿದ್ದವು. ಸುಟ್ಟ ಮೋಟಾರನ್ನು ಮೂಸಿ ನೋಡಿಯೇ ಏನಾಗಿದೆ ಎಂದು ಹೇಳುವ ನನಗೆ ಮನೆಯೊಳಗಿನದು ತಿಳಿಯಲಿಲ್ಲ.

ಆ ಭಾನುವಾರ ವೇದಿಕೆಯ ಪಕ್ಕದ ಕೋಣೆಯಲ್ಲಿ ಅಕ್ಕನ ಟ್ಯೂನರ್ ಆರಿಹೋಯಿತು. ಅವಳ ಚೀಲದಲ್ಲಿ ಯಾವಾಗಲೂ ಇನ್ನೊಂದು ಬ್ಯಾಟರಿ ಇರುತ್ತದೆ. ಹಳೆಯದನ್ನು ಉಗುರಿನಿಂದ ಎಬ್ಬಿಸಿ ಹೊಸದನ್ನು ಕೂರಿಸಿದಳು. ನಾನು ಆಗ ಬಾಗಿಲಲ್ಲಿ ನಿಂತು ಸಡಿಲವಾದ ಪ್ಲಗ್ ಬಗ್ಗೆ ಹಾಲ್‌ನ ಮ್ಯಾನೇಜರ್ ಜೊತೆ ಜಗಳ ಆಡುತ್ತಿದ್ದೆ. ಬ್ಯಾಂಡಿನಲ್ಲಿ ವಯಸ್ಸಾದವರೇ ತುಂಬಿದ್ದಾರೆ, ಹೊಸ ರಕ್ತ ಬೇಕು ಎಂದು ಅವನು ಅಕ್ಕನನ್ನು ಕಣ್ಣಲ್ಲೇ ತೋರಿಸಿ ಗೊಣಗಿದ್ದು ಅದೇ ಹೊತ್ತಿನಲ್ಲಿ. ನಾನು ಅವನಿಗೆ ಬಾಯಿಗೆ ಬಂದದ್ದು ಅಂದು ಒಳಗೆ ಬಂದಾಗ ಅಕ್ಕನ ಶ್ರುತಿ ಮುಗಿದಿತ್ತು. ಹಸಿರು ದೀಪ ನೋಡಿ ತಲೆಯಾಡಿಸಿ ವೇದಿಕೆಗೆ ನಡೆದಳು.

ಮೊದಲ ಹಾಡು ನಿಧಾನದ್ದು. ಮೇಷ್ಟ್ರು ಒಬ್ಬರೇ ಶುರು ಮಾಡುತ್ತಾರೆ, ಎರಡನೆಯ ಸಾಲಿಗೆ ಬೇಸ್ ಸೇರುತ್ತದೆ. ಸೇರಿತು. ನನ್ನ ಹಲ್ಲು ಚುಳ್ಳೆಂದಿತು. ಬೇಸ್ ಪಿಯಾನೋಗಿಂತ ಮೇಲಿತ್ತು. ತೀರ ಮೇಲಲ್ಲ, ಸ್ವರ ಬದಲಾಗುವಷ್ಟಲ್ಲ, ಆದರೆ ಪ್ರತಿ ಸ್ವರವೂ ಜಗಳ ಆಡುತ್ತಿತ್ತು. ಮೇಷ್ಟ್ರು ನನ್ನ ಕಡೆ ನೋಡಿದರು. ಒಂದು ತಂತಿ ಜಾರಿರಬೇಕು, ಈಗ ಸರಿಮಾಡುತ್ತಾಳೆ ಎಂದು ಕಾದೆ. ನಿದ್ದೆಯಲ್ಲಿ ಕೇಳಿಸಿದರೂ ಎದ್ದು ಸರಿಮಾಡುವವಳು ಅವಳು. ಆದರೆ ನಾಲ್ಕೂ ತಂತಿಗಳು ಒಂದೇ ಅಳತೆಯಲ್ಲಿ ಮೇಲಿದ್ದವು, ಮತ್ತು ಅಕ್ಕ ಕೆಂಪು ದೀಪ ನೋಡುತ್ತ, ಒಂದು ಪೆಟ್ಟೂ ತಪ್ಪದೆ, ಸಮಾಧಾನದ ಮುಖದಲ್ಲಿ ನುಡಿಸುತ್ತಲೇ ಇದ್ದಳು.

ಬೇಸ್‌ನ ತಲೆಗೆ ಕಚ್ಚಿಕೊಂಡಿದ್ದ ಟ್ಯೂನರ್ ಕಡೆ ಬಗ್ಗಿ ನೋಡಿದೆ. ನಾನೂರ ನಲವತ್ತು ಎಂದಿತ್ತು. ಬ್ಯಾಟರಿ ತೆಗೆದರೆ ಆ ಯಂತ್ರ ನಮ್ಮ ಅಂಕಿ ಮರೆತು ಹುಟ್ಟಿದಾಗಿನ ಅಂಕಿಗೆ ಹೋಗುತ್ತದೆ. ಅಕ್ಕನಿಗೆ ಅದು ನೆನಪಾಗಿರಲಿಲ್ಲ. ಅಂಥ ಮರೆವು ಯಾರಿಗೂ ಬರಬಹುದು. ಆದರೆ ಕಿವಿ ಇದ್ದವರು ಯಾರೂ ಒಂದು ಸಾಲು ದಾಟಿ ಹಾಗೆ ನುಡಿಸಲಾರರು. ಅಡುಗೆಮನೆಯ ಕೂಗು, ಫೋನು, ಸದ್ದಿಲ್ಲದ ದೀಪ, ಎಲ್ಲ ಒಂದೇ ಸಲ ಸಾಲಾಗಿ ಬಂದು ನಿಂತವು.

ಹೆಜ್ಜೆ ಹಾಕುತ್ತಿದ್ದವರಲ್ಲಿ ಒಬ್ಬರು ಕಿವಿ ಉಜ್ಜಿಕೊಂಡರು. ಮ್ಯಾನೇಜರ್ ಬಾಗಿಲಿಗೆ ಬಂದು ಕೈಕಟ್ಟಿ ನಿಂತ. ಅಕ್ಕನ ಬಳಿ ಹೋಗಿ ಆ ಅಂಕಿ ತೋರಿಸಿದ್ದರೆ ಮುಗಿಯುತ್ತಿತ್ತು, ಚಿಟಿಕೆ ಹೊಡೆಯುವಷ್ಟರ ಕೆಲಸ. ಆದರೆ ಅಷ್ಟು ಜನರೆದುರು ಅವಳಿಗೆ ಅದು ಕೇಳಿಸಲಿಲ್ಲ ಎಂದು ತೋರಿಸಿಕೊಟ್ಟಂತೆಯೂ ಆಗುತ್ತಿತ್ತು. ನನ್ನ ಕಾಲು ಆ ಕಡೆ ಏಳಲಿಲ್ಲ.

ಹಾಡು ಮುಗಿದಾಗ ಮೇಷ್ಟ್ರ ಕಿವಿಯಲ್ಲಿ, ಅಕ್ಕನಿಗೆ ಕೇಳಿಸುತ್ತಿಲ್ಲ, ಇನ್ನು ಪಿಯಾನೋ ಬೇಡ ಎಂದೆ. ಅವರು ಏನನ್ನೂ ಕೇಳಲಿಲ್ಲ. ಸುಮ್ಮನೆ ಕೂತರೆ ಅವಳಿಗೆ ಕಾಣುತ್ತದೆ, ನಾನು ಬೆರಳಾಡಿಸುತ್ತಿರುತ್ತೇನೆ, ಒತ್ತುವುದಿಲ್ಲ ಎಂದರು. ನಾನು ಪಿಯಾನೋಗೆ ಬೆನ್ನು ತಿರುಗಿಸಿ, ಅಕ್ಕ ಸುಮ್ಮನೆ ಮೀಟುತ್ತಿದ್ದ ತಂತಿಗೆ ಕಿವಿಗೊಟ್ಟು, ದವಡೆಯನ್ನು ಗಿಟಾರಿಗೆ ಒತ್ತಿ, ಜಗಳ ನಿಲ್ಲುವವರೆಗೂ ಬಿರಡೆ ತಿರುಗಿಸಿದೆ. ಅವಳು ತಪ್ಪಿದ್ದ ಜಾಗಕ್ಕೆ ನಾನೂ ಹೋಗಿ ಸೇರಿಕೊಂಡೆ. ಅಂದು ಉಳಿದ ಹಾಡುಗಳಿಗೆಲ್ಲ ಗಿಟಾರ್, ಬೇಸ್, ಡ್ರಮ್ಸ್ ಮೂರೇ ನುಡಿದವು. ಮೇಷ್ಟ್ರು ಎಂದೂ ಇಲ್ಲದ ಠೀವಿಯಿಂದ ಮನೆಗಳ ಮೇಲೆ ಕೈ ಓಡಿಸುತ್ತಿದ್ದರು, ಪಿಯಾನೋದಿಂದ ಒಂದು ಸದ್ದಿಲ್ಲ. ಮ್ಯಾನೇಜರ್ ಸ್ವಲ್ಪ ಹೊತ್ತು ನಿಂತು ಒಳಗೆ ಹೋದ. ಗೆದ್ದೆ ಎಂದುಕೊಂಡೆ ನಾನು, ಮೂರ್ಖ.

ಎಲ್ಲ ಮುಗಿದು ಪಕ್ಕದ ಕೋಣೆಯಲ್ಲಿ ನಾವಿಬ್ಬರೇ ಇದ್ದೆವು. ಕಿಟಕಿಯಿಂದ ಇನ್ನೂ ಬಿಸಿಲು ಬರುತ್ತಿತ್ತು. ಅಕ್ಕ ತಂತಿ ಒರೆಸುತ್ತಿದ್ದಳು. ನಾನು ವೈರ್ ಸುತ್ತುತ್ತಿದ್ದೆ.

"ಪುಟ್ಟಾ," ಎಂದಳು. ನನಗೆ ಐವತ್ತು ದಾಟಿದರೂ ಅವಳಿಗೆ ನಾನು ಪುಟ್ಟನೇ. "ಮೇಷ್ಟ್ರ ಬೆರಳು ಓಡ್ತಾನೇ ಇತ್ತು. ಸುತ್ತಿಗೆ ಒಂದೂ ಏಳ್ಲಿಲ್ಲ."

ತೆರೆದ ಹೊಟ್ಟೆಯ ಪಿಯಾನೋ. ಕಣ್ಣಿನಿಂದಲೇ ಕೇಳುವುದನ್ನು ಕಲಿತವಳು ಅಷ್ಟು ದಿನದಿಂದ ಆ ಸುತ್ತಿಗೆಗಳನ್ನೇ ನೋಡಿ ನುಡಿಸುತ್ತಿದ್ದಳು. ನಮಗೆ ಅದು ಹೊಳೆದಿರಲಿಲ್ಲ. ನಾನು ಗೋಡೆಯ ಕಡೆ ಮುಖ ಮಾಡಿ ಅದೇನೋ ಕೆಟ್ಟಿತ್ತು ಎಂದು ಗೊಣಗಿದೆ.

"ಈ ಕಡೆ ತಿರುಗಿ ಹೇಳು," ಎಂದಳು ಅಕ್ಕ.

ತಿರುಗಿದೆ. ಅವಳ ಟ್ಯೂನರ್ ಕಡೆ ಬೆರಳು ತೋರಿಸಿದೆ. ಅವಳು ಟ್ಯೂನರ್ ಬಿಚ್ಚಿ ಅಂಕಿ ನೋಡಿದಳು. ಆಮೇಲೆ ನನ್ನ ಗಿಟಾರ್ ಎಳೆದುಕೊಂಡು ಅದರ ತಲೆಗೆ ಅದನ್ನು ಕಚ್ಚಿಸಿ ಒಂದು ತಂತಿ ಮೀಟಿದಳು. ಹಸಿರು ಹತ್ತಿತು. ನಾನು ಎಲ್ಲಿಗೆ ಬಂದಿದ್ದೆ ಎಂಬುದು ಅವಳಿಗೆ ಅಷ್ಟರಲ್ಲೇ ತಿಳಿಯಿತು.

ಪಿಯಾನೋ ಕೇಳಿಸದೆ ತುಂಬ ಕಾಲವಾಯಿತು ಎಂದಳು. ಮೊದಲು ಮೇಲಿನ ಸ್ವರಗಳು ಹೋದವಂತೆ, ಆಮೇಲೆ ನನ್ನ ಗಿಟಾರ್. ಬೇಸ್ ಮಾತ್ರ ಮೈಗೆ ತಾಗಿರುವುದರಿಂದ ಹೊಟ್ಟೆಯಲ್ಲಿ ಗೊತ್ತಾಗುತ್ತದಂತೆ. ಡಾಕ್ಟರು ನೋಡಿ, ಕಾರ್ಖಾನೆಯ ಸದ್ದು ತಿಂದುಹಾಕಿದೆ, ಹೋದದ್ದು ಬರುವುದಿಲ್ಲ ಎಂದಿದ್ದಾರಂತೆ. ಯಾಕೆ ಹೇಳಲಿಲ್ಲ ಎಂದು ಕೇಳಿದ್ದಕ್ಕೆ, ಹೇಳಿದ್ರೆ ಭಾನುವಾರ ಹೋಗ್ತಿತ್ತಲ್ಲ ಎಂದಳು.

"ಜಗಳ ಇತ್ತಾ?" ಎಂದು ಕೇಳಿದಳು.

"ಮೊದಲ್ನೇ ಹಾಡಲ್ಲಿ ಇತ್ತು."

"ಆಮೇಲೆ?"

"ಇರ್ಲಿಲ್ಲ ಅಕ್ಕ. ಚೂರೂ ಇರ್ಲಿಲ್ಲ."

ಅವಳು ನನ್ನ ತುಟಿಗಳನ್ನೇ ನೋಡುತ್ತಿದ್ದಳು. ಇನ್ನು ಮೇಲೆ ನಾನೇ ಅಂಕಿ ನೋಡಿ ಕೊಡುತ್ತೇನೆ, ಯಾರಿಗೂ ತಿಳಿಯುವುದಿಲ್ಲ, ಮೇಷ್ಟ್ರು ಬಾಯಿ ಬಿಡುವವರಲ್ಲ ಎಂದು ಒಂದೇ ಉಸಿರಿಗೆ ಹೇಳಿದೆ. ಅವಳು ನಿಧಾನವಾಗಿ ಬೇಸನ್ನು ಚೀಲಕ್ಕಿಟ್ಟಳು.

"ಬೇಡ ಪುಟ್ಟಾ. ಇವತ್ತು ಮೇಷ್ಟ್ರನ್ನ ಸುಮ್ಮನೆ ಕೂರಿಸ್ದೆ. ನಾಳೆ ಇನ್ಯಾರನ್ನ ಕೂರಿಸ್ಲಿ? ನೀವೆಲ್ಲ ನನಗೋಸ್ಕರ ತಪ್ಪು ನುಡಿಸ್ಕೊಂಡಿದ್ರೆ ಅದು ಬ್ಯಾಂಡಾ?"

ಚೀಲದ ಜಿಪ್ ಎಳೆದಳು. ನಾನು ಅಲ್ಲೇ, ಸುತ್ತಿದ ವೈರ್ ತೊಡೆಯ ಮೇಲಿಟ್ಟುಕೊಂಡು ಅತ್ತೆ. ಅವಳು ಅಳಲಿಲ್ಲ. ಚಿಕ್ಕವನಿದ್ದಾಗ ಮಾಡುತ್ತಿದ್ದಂತೆ ಸೆರಗಿನಿಂದ ನನ್ನ ಮುಖ ಒರೆಸಿ, ಬಸ್ಸಿಗೆ ಹೊತ್ತಾಯಿತು ಏಳು ಎಂದಳು.

ಮುಂದಿನ ಭಾನುವಾರಕ್ಕೆ ಮ್ಯಾನೇಜರ್ ಹೊಸ ಬೇಸ್‌ನವಳನ್ನು ಕರೆತಂದ. ಅಕ್ಕನ ಕಿವಿಯ ವಿಷಯ ಅಷ್ಟರಲ್ಲಿ ಅವಸರನಿಗೂ ತಿಳಿದಿತ್ತು. ಒಳ್ಳೆಯ ಹುಡುಗಿ, ಕಿವಿ ಚುರುಕು, ಮೊದಲ ದಿನವೇ ನಮ್ಮ ಪಿಯಾನೋ ತಗ್ಗಿದೆ ಎಂದು ತಾನೇ ಕಂಡುಹಿಡಿದಳು. ನನಗೆ ಅವಳನ್ನು ಕಂಡರೆ ಸುಮ್ಮಸುಮ್ಮನೆ ಕೋಪ. ಅಕ್ಕ ಮನೆಯಲ್ಲೇ ಇರುತ್ತಾಳೆ ಎಂದುಕೊಂಡಿದ್ದರೆ, ವೇದಿಕೆಯ ಸೀರೆಯನ್ನೇ ಉಟ್ಟು ನನ್ನ ಜೊತೆ ಹೊರಟಳು. ಹೋದವಳು ಮೊದಲು ಮೆಟ್ರೊನೋಮನ್ನು ಪಿಯಾನೋದ ತಲೆಯ ಮೇಲೆ, ಎಲ್ಲರಿಗೂ ಕಾಣುವಂತೆ ಇಟ್ಟು, ಆ ಅವಸರನಿಗೆ ಇದು ಬೇಕೇ ಬೇಕು ಎಂದಳು. ಆಮೇಲೆ ವೇದಿಕೆ ಇಳಿದು, ಎದುರಿನ ಮೇಜಿನ ಬಳಿ ಕೂತಳು.

ಹಾಡು ಶುರುವಾಯಿತು. ಅಕ್ಕನ ಕಣ್ಣು ಕೆಂಪು ದೀಪದ ಮೇಲೆ, ಪಾದ ನೆಲದ ಮೇಲೆ ತಾಳ ಹಾಕುತ್ತಿತ್ತು. ಮುಖ ಅರಳಿತ್ತು. ಎರಡನೆಯ ಸಾಲು ದಾಟುವಷ್ಟರಲ್ಲಿ ಅವಸರ ತನ್ನ ಚಾಳಿಯಂತೆ ಓಡಿದ, ಹೊಸಬಳೂ ಅವನ ಹಿಂದೆ ಓಡಿದಳು, ನಾನೂ ಹೋದೆ. ನಾವು ದೀಪವನ್ನು ಬಿಟ್ಟು ಎಷ್ಟೋ ಮುಂದೆ ಬಂದಿದ್ದೆವು. ಅಕ್ಕನ ಪಾದ ಮಾತ್ರ ದೀಪದ ಜೊತೆಗೇ ಇತ್ತು. ನಾವು ನುಡಿಸುತ್ತಿದ್ದುದು ಒಂದು, ಅವಳು ತಾಳ ಹಾಕುತ್ತಿದ್ದುದು ಇನ್ನೊಂದು. ಅವಳಿಗೆ ಅದು ಗೊತ್ತೇ ಇರಲಿಲ್ಲ.

ನಾನು ತಿರುಗಿ ಅವಸರನ ಕಡೆ ನೋಡಿದೆ. ಅವನು ಆಗಲೇ ಆ ಪಾದವನ್ನು ನೋಡುತ್ತಿದ್ದ. ತುಟಿ ಕಚ್ಚಿಕೊಂಡಿದ್ದ. ಆಮೇಲೆ, ಜೀವಮಾನದಲ್ಲಿ ಮೊದಲ ಸಲ, ನಿಧಾನಿಸಿದ. ಮೇಷ್ಟ್ರು ನಿಧಾನಿಸಿದರು, ಹೊಸಬಳು ತಬ್ಬಿಬ್ಬಾಗಿ ನಮ್ಮ ಜೊತೆ ಹಿಂದೆ ಸರಿದಳು. ಕುಣಿಯುವವರು ಎಡವಿ ನಮ್ಮ ಕಡೆ ಕೆಕ್ಕರಿಸಿದರು. ಪೆಟ್ಟು ಪೆಟ್ಟಾಗಿ ಇಳಿದು ಬಂದು ಅಕ್ಕನ ಪಾದವನ್ನು ಸೇರಿಕೊಂಡೆವು.

ಅಕ್ಕ ನನ್ನನ್ನು ನೋಡಿ ತಲೆಯಾಡಿಸಿದಳು, ನಾವು ಮೊದಲಿನಿಂದಲೂ ಸರಿಯಾಗಿಯೇ ನುಡಿಸುತ್ತಿದ್ದೆವು ಎಂಬಂತೆ.